ಒಂಬತ್ತು ಲೀಟರ್ ಹಳೆಯ ಎಣ್ಣೆ

ಸ್ವಯಂಚಾಲಿತ ಗೇರ್‌ಬಾಕ್ಸಿನ ದುರಸ್ತಿಯೆಂಬ ವಿದ್ಯೆಯಲ್ಲಿ ಬಿಚ್ಚಿ ಜೋಡಿಸುವವರು ಬೇಕಾದಷ್ಟು ಜನ ಸಿಗುತ್ತಾರೆ. ಬಿಚ್ಚದೆ ಬದುಕಿಸಬಲ್ಲವರು ಬೆರಳೆಣಿಕೆಯಷ್ಟು. ಆ ಬೆರಳೆಣಿಕೆಯಲ್ಲಿ ಮೊದಲ ಬೆರಳಿಗೆ ಸಲ್ಲತಕ್ಕವರು, ನಮ್ಮ ಆಸ್ಪತ್ರೆಯ ವಾಹನ ಕಾರ್ಯಾಗಾರದ ಗೇರ್‌ಬಾಕ್ಸ್ ಕೋಣೆಯಲ್ಲಿ ಮೂವತ್ತನಾಲ್ಕು ವರ್ಷಗಳ ಸೇವೆ ಸಲ್ಲಿಸಿ ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿರುವ, ನಾವೆಲ್ಲ ಪ್ರೀತಿಯಿಂದಲೂ ಕೆಲವೊಮ್ಮೆ ಹಲ್ಲು ಕಚ್ಚಿಕೊಂಡೂ ‘ನಿಧಾನಣ್ಣ’ ಎಂದು ಕರೆಯುತ್ತ ಬಂದಿರುವ ಹಿರಿಯರು. ಏನು ಕೇಳಿದರೂ ಅವರ ಬಾಯಿಂದ ಮೊದಲು ಬರುವ ಮಾತು ‘ನಿಧಾನ’. ಅವರ ಕೈಯಲ್ಲಿ ಎರಡನೆಯ ಆಯುಷ್ಯ ಪಡೆದ ವಾಹನಗಳು ಇವತ್ತಿಗೂ ರಸ್ತೆಯ ಮೇಲಿವೆ.

ಅವರ ಈ ಅಭಿನಂದನ ಗ್ರಂಥದ ಸಂಪಾದಕರು ನನ್ನಿಂದ ಐದಾರು ಪುಟಗಳ ಗುಣಗಾನವನ್ನು ಬಯಸಿದ್ದರು. ಗುಣಗಾನಕ್ಕೆ ನನ್ನ ಗಂಟಲು ಹೇಳಿ ಮಾಡಿಸಿದ್ದಲ್ಲ. ಕೂಗಾಡುವುದಕ್ಕಾದರೆ ಸರಿ ಎಂದು ಕಾರ್ಯಾಗಾರದಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಆದರೂ ಒಪ್ಪಿಕೊಂಡೆ, ಏಕೆಂದರೆ ಹೇಳಲೇಬೇಕಾದ ಒಂದು ಮಾತಿದೆ. ನಿಧಾನಣ್ಣನವರ ಸೇವಾ ಪುಸ್ತಕದಲ್ಲಿ ಹದಿಮೂರು ವರ್ಷಗಳ ಹಿಂದೆ ಬರೆದ ಒಂದು ಷರಾ ಇದೆ: ‘ಅಜಾಗರೂಕತೆಯಿಂದ ರೋಗಿವಾಹನದ ಗೇರ್‌ಬಾಕ್ಸನ್ನು ಕೆಡಿಸಿ ಆರು ಜನ ರೋಗಿಗಳ ಜೀವಕ್ಕೆ ಅಪಾಯ ತಂದದ್ದಕ್ಕಾಗಿ ಎಚ್ಚರಿಕೆ ನೀಡಲಾಗಿದೆ.’ ನಿವೃತ್ತಿಯ ನಂತರ ಅವರನ್ನು ಬೋಧಕರನ್ನಾಗಿ ಕರೆದಿದ್ದ ತರಬೇತಿ ಶಾಲೆಯವರು ಮೂರು ತಿಂಗಳ ಹಿಂದೆ ಈ ಸಾಲನ್ನು ಕಂಡು ಕರೆಯನ್ನು ಹಿಂತೆಗೆದುಕೊಂಡರು. ಆ ಪತ್ರವನ್ನು ಅವರು ನನ್ನೆದುರಿಗೇ ಓದಿ, ನಾಲ್ಕಾಗಿ ಮಡಚಿ, ಜೇಬಿಗೆ ಹಾಕಿಕೊಂಡು, "ಹೋಗ್ಲಿ ಬಿಡಮ್ಮ" ಎಂದು ಮತ್ತೆ ಕೆಲಸಕ್ಕೆ ಬಾಗಿದರು. ಆ ಸಾಲು ಸುಳ್ಳು. ಅದು ಸುಳ್ಳೆಂದು ಬಲ್ಲವರು ಮೂವರಿದ್ದರು. ಒಬ್ಬರು ತೀರಿಕೊಂಡರು, ಒಬ್ಬರು ಬಾಯಿ ಬಿಡುವ ಪೈಕಿಯಲ್ಲ, ಉಳಿದವಳು ನಾನು.

ಹದಿನೇಳು ವರ್ಷಗಳ ಹಿಂದೆ, ಗೇರ್‌ಬಾಕ್ಸ್ ತಯಾರಿಕೆಯ ಕಾರ್ಖಾನೆಯೊಂದರಲ್ಲಿ ತರಬೇತಿ ಮುಗಿಸಿ, ಕೈಯಲ್ಲೊಂದು ಪ್ರಮಾಣಪತ್ರವನ್ನೂ ಮೂಗಿನ ತುದಿಯಲ್ಲಿ ಕೋಪವನ್ನೂ ಇಟ್ಟುಕೊಂಡು ನಾನು ಈ ಕಾರ್ಯಾಗಾರಕ್ಕೆ ಕಾಲಿಟ್ಟೆ. ಹೆಂಗಸೊಬ್ಬಳು ಬಂದು ಇಲ್ಲಿ ಸ್ಪ್ಯಾನರ್ ಹಿಡಿಯುತ್ತಾಳೆಂದು ಯಾರೂ ಎಣಿಸಿರಲಿಲ್ಲ. ಬಟ್ಟೆ ಬದಲಿಸಲು ಒಂದು ಮರೆಯೂ ಇರಲಿಲ್ಲ. ನಿಧಾನಣ್ಣನವರು ಯಾರಿಗೂ ಏನೂ ಹೇಳದೆ ತಮ್ಮ ಸಾಮಾನಿನ ಚಿಕ್ಕ ಕೋಣೆಯನ್ನು ಖಾಲಿ ಮಾಡಿ, ಗೋಡೆಗೆ ಸುಣ್ಣ ಬಳಿದು, ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಕೊಟ್ಟರು. ಒಂದು ಚಿಲಕಕ್ಕೆ ಮೂರು ದಿನ ತೆಗೆದುಕೊಂಡರೆಂಬುದು ಬೇರೆ ಮಾತು. ಆ ಮೂರೂ ದಿನ ನಾನು ಒಳಗೊಳಗೇ ಸಿಡಿಮಿಡಿಗೊಂಡೆ. ಆ ಚಿಲಕ ಹದಿನೇಳು ವರ್ಷಗಳಲ್ಲಿ ಒಂದು ಸಲವೂ ಸಡಿಲವಾಗಿಲ್ಲ.

ಅವರ ಕೋಣೆಯ ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಚಿಕ್ಕ ಗಾಜಿನ ಶೀಶೆಗಳಿದ್ದವು; ಒಂದೊಂದರಲ್ಲೂ ಒಂದೊಂದು ವಾಹನದ ಗೇರ್‌ಬಾಕ್ಸ್ ಎಣ್ಣೆ, ಅಂಟಿಸಿದ ಚೀಟಿಯಲ್ಲಿ ತಾರೀಖು. ಹೊಸ ಎಣ್ಣೆ ದಾಳಿಂಬೆ ಕೆಂಪು, ವಯಸ್ಸಾದದ್ದು ಕಂದು, ಸತ್ತದ್ದು ಕಪ್ಪು. ಒಂದು ಹನಿಯನ್ನು ಒತ್ತುಕಾಗದದ ಮೇಲೆ ಬಿಟ್ಟು, ಅದು ಹರಡುವುದನ್ನು ಅವರು ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು. ಆಮೇಲೆ ಮೂಸುತ್ತಿದ್ದರು. "ಮೂಸು ನೀನೂ. ಸುಟ್ಟ ವಾಸನೆ ಬಂತಾ?" ಎಂದು ನನ್ನ ಮೂಗಿನ ಬಳಿಗೆ ಹಿಡಿಯುತ್ತಿದ್ದರು. ಪ್ರಮಾಣಪತ್ರ ಪಡೆದವಳಿಗೆ ಇದೇನು ನಾಟಿ ವೈದ್ಯವಪ್ಪಾ ಎನಿಸುತ್ತಿತ್ತು. ಎರಡು ವರ್ಷ ಕಳೆಯುವಷ್ಟರಲ್ಲಿ ಕಣ್ಣು ಕಟ್ಟಿಕೊಂಡು ಮೂಸಿದರೂ ಯಾವ ವ್ಯಾನಿನ ಎಣ್ಣೆಯೆಂದು ಹೇಳುವಷ್ಟಾದೆ. ಅದನ್ನು ನನಗೆ ಯಾವ ಕಾರ್ಖಾನೆಯೂ ಕಲಿಸಿರಲಿಲ್ಲ.

ನಮ್ಮಲ್ಲಿ ಇಪ್ಪತ್ತೆರಡು ವರ್ಷ ಹಳೆಯದಾದ ಒಂದು ರೋಗಿವಾಹನವಿತ್ತು. ಗಾಲಿಕುರ್ಚಿಯನ್ನು ಎತ್ತಿ ಒಳಗಿಡುವ ಯಂತ್ರವಿದ್ದ ವ್ಯಾನ್ ನಮ್ಮಲ್ಲಿ ಅದೊಂದೇ. ರಕ್ತಶುದ್ಧಿ ಘಟಕಕ್ಕೆ ವಾರಕ್ಕೆ ಮೂರು ಸಲ ಬಂದು ಹೋಗುವ ಆರು ಜನರನ್ನು ಅದು ಮನೆಯಿಂದ ಕರೆತಂದು ಮತ್ತೆ ಮನೆಗೆ ಮುಟ್ಟಿಸುತ್ತಿತ್ತು. ಆ ಆರು ಜನರಲ್ಲಿ ಒಬ್ಬಳು ನನ್ನ ಒಡಹುಟ್ಟಿದ ಅಕ್ಕ. ವ್ಯಾನ್ ನಿಂತರೆ ಇವರನ್ನೆಲ್ಲ ಎರಡು ಗಂಟೆ ದೂರದ ಬೇರೊಂದು ಕೇಂದ್ರಕ್ಕೆ ವರ್ಗಾಯಿಸಬೇಕಾಗುತ್ತಿತ್ತು. ಹೋಗಿ ಬರುವ ನಾಲ್ಕು ಗಂಟೆಯ ದಾರಿಯನ್ನು ಅಕ್ಕನ ಹೃದಯ ತಡೆಯುವುದಿಲ್ಲವೆಂದು ಘಟಕದ ವೈದ್ಯರು ಭಾವನಿಗೆ ಸ್ಪಷ್ಟವಾಗಿ ಹೇಳಿದ್ದರು.

ನಾನು ಸೇರಿದ ನಾಲ್ಕು ವರ್ಷಕ್ಕೆ ಆ ವ್ಯಾನ್ ತಡವರಿಸಲು ಶುರುಮಾಡಿತು. ಬೆಳಗ್ಗೆ ಗೇರ್ ಹಾಕಿದರೆ ಎರಡು ಕ್ಷಣ ಸುಮ್ಮನೆ ನಿಂತು ಆಮೇಲೆ ಹೊರಡುತ್ತಿತ್ತು. ಎಣ್ಣೆ ಅಳೆಯುವ ಕಡ್ಡಿಯನ್ನು ಎಳೆದು ನೋಡಿದರೆ ಎಣ್ಣೆ ಸುಟ್ಟ ಬೆಲ್ಲದ ಬಣ್ಣ. ಹನ್ನೊಂದು ವರ್ಷ ಅದನ್ನು ಯಾರೂ ಬದಲಿಸಿರಲಿಲ್ಲ; ಆ ವ್ಯಾನ್ ನಮಗೆ ಬಂದದ್ದೇ ಬೇರೆ ಕಡೆಯಿಂದ, ಮುದಿಯಾದ ಮೇಲೆ. ಒಂದು ಸಲ ದಾರಿಯಲ್ಲಿ ನಿಂತರೂ ಗುಜರಿಗೆ ಹಾಕುವುದಾಗಿ ಆಡಳಿತಾಧಿಕಾರಿ ಹೇಳಿ ಕಳಿಸಿದರು.

ನನ್ನ ಮದ್ದು ನನಗೆ ಗೊತ್ತಿತ್ತು. ಹೊಸದಾಗಿ ಬಂದಿದ್ದ ಯಂತ್ರವನ್ನು ಜೋಡಿಸುವುದು, ಒಂದು ಕೊಳವೆಯಿಂದ ಹೊಸ ಎಣ್ಣೆಯನ್ನು ಒತ್ತಡದಲ್ಲಿ ನುಗ್ಗಿಸಿ ಇನ್ನೊಂದರಿಂದ ಹಳೆಯದನ್ನೆಲ್ಲ ಹೊರಗೆ ತಳ್ಳುವುದು. ಅರ್ಧ ಗಂಟೆಯ ಕೆಲಸ. ನಿಧಾನಣ್ಣನವರು ತಲೆಯಾಡಿಸಿದರು.

"ಬೇಡಮ್ಮ. ಒಳಗಡೆ ಕ್ಲಚ್ ಪ್ಲೇಟುಗಳು ಸವೆದಿವೆ. ಸವೆದ ಪುಡಿಯೆಲ್ಲ ಆ ಎಣ್ಣೇಲೇ ಇದೆ. ಆ ಪುಡಿ ಇರೋದ್ರಿಂದಲೇ ಅವು ಒಂದನ್ನೊಂದು ಹಿಡ್ಕೊಂಡಿವೆ. ಪೂರ್ತಿ ತೊಳೆದ್ರೆ ಜಾರತ್ತೆ."

"ಹಾಗಂತ ಆ ಕೊಳಕಲ್ಲೇ ಓಡಿಸ್ತಾ ಇರೋದಾ?"

"ಯಾರು ಹೇಳಿದ್ರು? ಬದಲಾಯ್ಸೋಣ. ಈ ತಿಂಗಳು ಒಂದು ಲೀಟರು, ಮುಂದಿನ ತಿಂಗಳು ಇನ್ನೊಂದು. ಅದಕ್ಕೇ ಗೊತ್ತಾಗ್ಬಾರ್ದು, ಹಾಗೆ."

"ಅಷ್ಟು ದಿನ ಯಾರಿಗಿದೆ ಪುರುಸೊತ್ತು? ನಿಮ್ಮಕ್ಕ ಆಗಿದ್ರೆ ಹೀಗೆ ಹೇಳ್ತಿದ್ರಾ?"

ಹೀಗೆ ನಾನು ಅಂದದ್ದು ನಿಜ, ಎಲ್ಲರೆದುರಿಗೇ ಅಂದದ್ದು ನಿಜ. ಅವರು ಕೈ ಒರೆಸಿಕೊಂಡರು. ಅವರ ನಿಧಾನ ಅಂದು ನನಗೆ ಸೋಮಾರಿತನದ ಹಾಗೆ, ಕಲ್ಲು ಹೃದಯದ ಹಾಗೆ ಕಂಡಿತು.

ನಮ್ಮ ಕಾರ್ಯಾಗಾರದಲ್ಲಿ ಒಂದು ಪದ್ಧತಿಯುಂಟು. ಕೋಣೆಯ ಹಿರಿಯರು ಸಹಿ ಮಾಡಿದ ಕೆಲಸದ ಚೀಟಿ ಇಲ್ಲದೆ ಉಗ್ರಾಣದಿಂದ ಒಂದು ಬೋಲ್ಟೂ ಹೊರಬರುವುದಿಲ್ಲ. ಶನಿವಾರ ಕಣ್ಣಿನ ಶಸ್ತ್ರಚಿಕಿತ್ಸೆಯಾದ ಮಡದಿಯನ್ನು ಮನೆಗೆ ಕರೆತರಲು ರಜೆ ಹಾಕಿದ್ದ ನಿಧಾನಣ್ಣನವರು, ಮರುದಿನದ ಚೀಟಿಗಳಿಗೆ ಶುಕ್ರವಾರವೇ ಸಹಿ ಮಾಡಿಟ್ಟು ಹೋದರು. ವ್ಯಾನಿನ ಚೀಟಿಯಲ್ಲಿ ಅವರ ಗುಂಡು ಅಕ್ಷರದಲ್ಲಿ ‘ಎಣ್ಣೆ ಪರೀಕ್ಷೆ’ ಎಂದಷ್ಟೇ ಇತ್ತು. ಅದರ ಕೆಳಗೆ ಒಂದು ಸಾಲಿನಷ್ಟು ಖಾಲಿ ಜಾಗ, ಆಮೇಲೆ ಸಹಿ. ಶನಿವಾರ ಬೆಳಗ್ಗೆ ಎಂಟು ಗಂಟೆಗೆ ಆ ಖಾಲಿ ಜಾಗದಲ್ಲಿ ನಾನು ‘ಮತ್ತು ಪೂರ್ಣ ಬದಲಾವಣೆ’ ಎಂದು ಬರೆದೆ. ಉಗ್ರಾಣದವರು ಸಹಿ ನೋಡಿ ಹೊಸ ಎಣ್ಣೆಯ ಡಬ್ಬಗಳನ್ನು ಕೊಟ್ಟರು.

ಹತ್ತು ಗಂಟೆಯೊಳಗೆ ಒಂಬತ್ತು ಲೀಟರ್ ಹಳೆಯ ಎಣ್ಣೆ ಯಂತ್ರದ ತೊಟ್ಟಿಗೆ ಬಂದಿತ್ತು, ಒಂಬತ್ತು ಲೀಟರ್ ಕೆಂಪು ಎಣ್ಣೆ ಗೇರ್‌ಬಾಕ್ಸಿಗೆ ಹೋಗಿತ್ತು. ಅಂಗಳದಲ್ಲಿ ಓಡಿಸಿ ನೋಡಿದೆ. ಅಬ್ಬಾ, ಬೆಣ್ಣೆಯ ಹಾಗಿತ್ತು! ಗೇರ್ ಹಾಕಿದ ಕೂಡಲೇ ಹೊರಟಿತು. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಸೋಮವಾರ ನಿಧಾನಣ್ಣನವರಿಗೆ ಏನೇನು ಹೇಳಬೇಕೆಂದು ಮನಸ್ಸಿನಲ್ಲೇ ಎರಡು ಸಲ ಹೇಳಿಕೊಂಡೆ.

ಮಧ್ಯಾಹ್ನ ಮೂರು ಗಂಟೆಗೆ ಚಿಕಿತ್ಸೆ ಮುಗಿಸಿದ ಆರು ಜನರನ್ನು ಕೂರಿಸಿಕೊಂಡು ವ್ಯಾನ್ ಆಸ್ಪತ್ರೆಯ ಹಿಂಬಾಗಿಲಿನಿಂದ ಹೊರಟಿತು. ಅಲ್ಲಿಂದಲೇ ಒಂದು ಕಡಿದಾದ ಏರು. ನಾನು ಗೇಟಿನ ಬಳಿ ನಿಂತು ನೋಡುತ್ತಿದ್ದೆ. ಏರಿನ ಅರ್ಧದಲ್ಲಿ ಎಂಜಿನ್ನಿನ ಸದ್ದು ಇದ್ದಕ್ಕಿದ್ದಂತೆ ಮೇಲೇರಿತು, ವ್ಯಾನ್ ಮಾತ್ರ ಏರಲಿಲ್ಲ. ಎಂಜಿನ್ ಕೂಗುತ್ತಿತ್ತು, ಚಕ್ರಗಳಿಗೆ ಅದು ಕೇಳಿಸುತ್ತಲೇ ಇರಲಿಲ್ಲ. ಒಂದು ಕ್ಷಣ ನಿಂತ ವ್ಯಾನ್ ಹಿಂದಕ್ಕೆ ಜಾರತೊಡಗಿತು. ಚಾಲಕರು ಕೈಬ್ರೇಕನ್ನು ಎಳೆದು ಸ್ಟೀರಿಂಗನ್ನು ರಸ್ತೆಯಂಚಿನ ಕಟ್ಟೆಯ ಕಡೆಗೆ ತಿರುಗಿಸಿದರು. ಹಿಂದಿನ ಚಕ್ರ ಕಾಲುಹಾದಿಯ ಅಂಚಿಗೆ ಬಡಿದು ವ್ಯಾನ್ ನಿಂತಿತು. ಕೆಳಗಿನ ಗೋಡೆಗೆ ಎರಡು ಮಾರು ಉಳಿದಿತ್ತು.

ಓಡಿಹೋಗಿ ಬಾಗಿಲು ತೆಗೆದೆ. ನಿವೃತ್ತ ಅಂಚೆಯವರೊಬ್ಬರ ಹಣೆ ಮುಂದಿನ ಸೀಟಿಗೆ ಬಡಿದು ಊದಿತ್ತು. ಅಕ್ಕನ ತೋಳಿನಲ್ಲಿ ಸೂಜಿ ತೆಗೆದ ಜಾಗದಿಂದ ರಕ್ತ ಹರಿಯುತ್ತಿತ್ತು, ದಾದಿ ಅದನ್ನು ಎರಡೂ ಹೆಬ್ಬೆರಳಿನಿಂದ ಒತ್ತಿ ಹಿಡಿದಿದ್ದಳು. ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು. "ಏನಾಯ್ತೇ ಇದಕ್ಕೆ?" ಎಂದಳು.

ಸಂಜೆಯೊಳಗೆ ಆಡಳಿತಾಧಿಕಾರಿಯ ಆದೇಶ ಬಂದಿತು: ಸೋಮವಾರ ಹತ್ತು ಗಂಟೆಗೆ ವಿಚಾರಣೆ, ಅಷ್ಟರೊಳಗೆ ಅದೇ ಏರನ್ನು ಹತ್ತಿ ತೋರಿಸದಿದ್ದರೆ ವ್ಯಾನ್ ಗುಜರಿಗೆ, ರೋಗಿಗಳು ದೂರದ ಕೇಂದ್ರಕ್ಕೆ. ಅಕ್ಕನ ಮುಂದಿನ ಸರದಿ ಮಂಗಳವಾರ.

ಭಾನುವಾರ ಬೆಳಗ್ಗೆ ಏಳಕ್ಕೆ ನಾನು ಕಾರ್ಯಾಗಾರದ ಬಾಗಿಲು ತೆಗೆಯುವಷ್ಟರಲ್ಲಿ ನಿಧಾನಣ್ಣನವರು ಮೆಟ್ಟಿಲ ಮೇಲೆ ಕುಳಿತಿದ್ದರು. ಚಾಲಕರಿಂದ ಸುದ್ದಿ ತಿಳಿದಿತ್ತು. ಬೈಯುತ್ತಾರೆಂದು ಕಾದೆ, ಬೈದಿದ್ದರೆ ನನ್ನ ಜೀವಕ್ಕೆ ಎಷ್ಟೋ ನೆಮ್ಮದಿಯಾಗುತ್ತಿತ್ತು. ಅವರು ಕೇಳಿದ್ದು ಒಂದೇ ಪ್ರಶ್ನೆ.

"ಹಳೇ ಎಣ್ಣೆ ಎಲ್ಲಿ?"

ತೆಗೆದ ಎಣ್ಣೆಯನ್ನು ವಾಹನ ನೂರು ಕಿಲೋಮೀಟರ್ ಓಡುವ ತನಕ ಚೆಲ್ಲಬಾರದೆಂಬುದು ಅವರ ಕೋಣೆಯ ನಿಯಮ. ನಾನೇನೂ ಆ ನಿಯಮವನ್ನು ಪಾಲಿಸಿರಲಿಲ್ಲ. ಆದರೆ ಬೀಗುವ ಆತುರದಲ್ಲಿ ಯಂತ್ರವನ್ನು ತೊಳೆಯುವುದನ್ನೇ ಮರೆತಿದ್ದೆ. ಒಂಬತ್ತು ಲೀಟರೂ ತೊಟ್ಟಿಯಲ್ಲಿ ಹಾಗೇ ಇತ್ತು. ಹದಿನೇಳು ವರ್ಷಗಳಲ್ಲಿ ನನ್ನ ದುಡುಕಿನಿಂದ ಆದ ಒಂದೇ ಒಂದು ಉಪಕಾರ ಅದು.

ಹತ್ತಿಯ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಒಂಬತ್ತು ಲೀಟರನ್ನೂ ಸೋಸಿದೆವು. ಅಷ್ಟು ದಪ್ಪ ಎಣ್ಣೆ ಬಟ್ಟೆಯಿಂದ ಹನಿಹನಿಯಾಗಿ ಇಳಿಯುವುದನ್ನು ನೋಡುತ್ತ ನಿಲ್ಲುವುದಿದೆಯಲ್ಲ, ನನ್ನಂಥವಳಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಬೇರೆಯಿಲ್ಲ. ಆಮೇಲೆ ನಾನು ವ್ಯಾನಿನ ಕೆಳಗೆ ಮಲಗಿ ಗೇರ್‌ಬಾಕ್ಸಿನ ತಳದ ತಟ್ಟೆಯ ಹದಿನಾರು ಬೋಲ್ಟುಗಳನ್ನು ಬಿಚ್ಚಿದೆ. ಯಾವತ್ತೂ ಇಂಥ ಕೆಲಸಕ್ಕೆ ತಾವೇ ಕೆಳಗಿಳಿಯುತ್ತಿದ್ದ ಅವರು ಅಂದು ಸ್ಟೂಲಿನ ಮೇಲೆ ಕುಳಿತು ಟಾರ್ಚ್ ಹಿಡಿದರು. ಬೆಳಕು ನಡುಗುತ್ತಿತ್ತು. ಸಿಟ್ಟಿಗೋ ಆಯಾಸಕ್ಕೋ ಎಂದುಕೊಂಡೆ.

ತಟ್ಟೆಯೊಳಗೆ ಕರೀ ಗಸಿ. ಹೊಸ ಎಣ್ಣೆ ಹನ್ನೊಂದು ವರ್ಷದ ಕೊಳೆಯನ್ನೆಲ್ಲ ಕೆರೆದು ತಂದು ಸೋಸುವ ಜಾಲರಿಗೆ ಮೆತ್ತಿತ್ತು. ಜಾಲರಿ ಬದಲಿಸಿ, ತಟ್ಟೆ ಒರೆಸಿ, ಮತ್ತೆ ಕೂರಿಸಿದೆವು. ಬೋಲ್ಟುಗಳನ್ನು ಒಂದು ಈ ಕಡೆ, ಒಂದು ಆ ಕಡೆ, ಸಮನಾಗಿ ಬಿಗಿಯಬೇಕು. ಹನ್ನೆರಡನೆಯದಕ್ಕೆ ಬರುವಷ್ಟರಲ್ಲಿ ನನ್ನ ತಾಳ್ಮೆ ಮುಗಿದು ಒಂದು ಎಳೆತ ಹೆಚ್ಚಾಗಿ ಎಳೆದೆ. ಬೋಲ್ಟ್ ಬೆಣ್ಣೆಯಲ್ಲಿ ತಿರುಗಿದ ಹಾಗೆ ತುಸು ಸಡಿಲವಾಯಿತು. ಬೋಲ್ಟ್ ಕೂರುವ ತೂತಿನೊಳಗಿನ ತಿರುಪುಗೆರೆ ಹರಿದರೆ ತಟ್ಟೆ ಸೋರುತ್ತದೆ, ಸೋರಿದರೆ ಅಲ್ಲಿಗೆ ಎಲ್ಲ ಮುಗಿಯಿತು.

"ನಿಲ್ಸು. ಕೈ ತೆಗಿ. ಉಸಿರು ಬಿಡು," ಎಂದರು ಮೇಲಿನಿಂದ. "ಈಗ ಅರ್ಧ ಸುತ್ತು ಹಿಂದಕ್ಕೆ ಬಿಚ್ಚು. ಬೆರಳಲ್ಲೇ ಬಿಗಿ. ಹಿಡೀತಾ?"

"ಹಿಡೀತು."

"ಅಷ್ಟು ಸಾಕು ಅದಕ್ಕೆ. ಪಕ್ಕದ್ದು ನೋಡ್ಕೊಳತ್ತೆ."

ಮೂರೂವರೆ ಲೀಟರ್ ಹಳೆಯ ಎಣ್ಣೆ ಹಾಕಿದೆವು. ತಟ್ಟೆಯಿಂದ ಒಮ್ಮೆಗೆ ಬರುವುದೂ ಹೋಗುವುದೂ ಅಷ್ಟೇ, ಉಳಿದದ್ದು ಒಳಗೇ ಇರುತ್ತದೆ. ಎಂಜಿನ್ ಕಾಯಿಸಿ, ಎಲ್ಲ ಗೇರುಗಳಲ್ಲೂ ಒಮ್ಮೆ ಹಾಯಿಸಿ, ಅಳತೆ ನೋಡಿ, ಆರು ಮೂಟೆ ಮರಳು ತುಂಬಿಸಿ ಏರಿಗೆ ಹೊರಟೆವು. ಚಾಲಕರ ಸೀಟಿನಲ್ಲಿ ಅವರೇ ಕುಳಿತರು. ನಿನ್ನೆ ನಿಂತ ಜಾಗಕ್ಕೇ ಬಂದು ಎಂಜಿನ್ ಕೂಗಿತು. ಬ್ರೇಕ್ ಒತ್ತಿ, ಮೆಲ್ಲಗೆ ಹಿಮ್ಮುಖವಾಗಿ ಇಳಿಸಿದರು. ಮತ್ತೆ ಮೂರೂವರೆ ತೆಗೆದು ಮೂರೂವರೆ ಹಳೆಯದನ್ನು ಹಾಕಿದೆವು. ಎರಡನೆಯ ಸಲ ಅರ್ಧ ದಾಟಿತು, ಮುಕ್ಕಾಲಿನಲ್ಲಿ ನಡುಗಿ ಜಾರಿತು. ಹಳೆಯ ಎಣ್ಣೆ ಇನ್ನು ಉಳಿದದ್ದು ಎರಡೇ ಲೀಟರ್.

"ಹಾಕಿಬಿಡೋಣ, ಬೇಗ ಹಾಕಿಬಿಡೋಣ!" ಎಂದು ನಾನು ಕೊಳವೆ ಹಿಡಿದೆ.

"ಆರ್ಲಿ."

"ಗಂಟೆ ಮೂರಾಯ್ತು! ಇನ್ನೆಷ್ಟು ಆರ್ಬೇಕು?"

"ಕಾದ ಪ್ಲೇಟು ಇನ್ನೊಂದ್ಸಲ ಜಾರಿದ್ರೆ ಗಾಜಿನ ಹಾಗಾಗ್ಬಿಡತ್ತೆ, ಆಮೇಲೆ ದೇವ್ರೇ ಬಂದ್ರೂ ಹಿಡಿಯಲ್ಲ. ಒಂದೂವರೆ ಗಂಟೆ. ಕೂತ್ಕೋ."

ಆ ಒಂದೂವರೆ ಗಂಟೆ ನಾನು ಕೂರಲಿಲ್ಲ. ಅಂಗಳದ ಉದ್ದಕ್ಕೂ ಹೋಗಿ ಬರುತ್ತ, ಅವರನ್ನು ಬೈಯುತ್ತ, ನನ್ನನ್ನು ಬೈದುಕೊಳ್ಳುತ್ತ, ಕೊನೆಗೆ ಗೋಡೆಗೆ ಮುಖ ಮಾಡಿ ಅತ್ತೆ. ಚೀಟಿಯ ವಿಷಯವನ್ನೂ ಆಗಲೇ ಹೇಳಿದೆ: "ನಿಮ್ಮ ಸಹಿ ಮೇಲೆ ನಾನೇ ಬರ್ದೆ." "ಜಾಗ ಬಿಟ್ಟಿದ್ದು ನಂದೂ ತಪ್ಪು," ಎಂದರು ಅವರು. ನೀರಿನ ಬಾಟಲಿಯನ್ನು ನನ್ನ ಕಡೆಗೆ ತಳ್ಳಿದರು.

ನಾಲ್ಕೂವರೆಗೆ ಕೊನೆಯ ಎರಡು ಲೀಟರ್ ಹೋಯಿತು. ಚಾಲಕರ ಸೀಟಿನಲ್ಲಿ ಕೂರಲು ಅವರು ನನಗೆ ಹೇಳಿದರು. ತಾವು ಹಿಂದಿನ ಬಾಗಿಲಿನಿಂದ ಹತ್ತಿ, ಮರಳಿನ ಮೂಟೆಗಳ ನಡುವೆ, ಅಕ್ಕ ಕೂರುವ ಸೀಟಿನಲ್ಲಿಯೇ ಕುಳಿತರು.

"ನೀವ್ಯಾಕೆ ಹಿಂದೆ? ಜಾರಿದ್ರೆ?"

"ಮೂಟೆ ತೂಕ ಸಾಲ್ದು ಅನ್ಸತ್ತೆ. ನೀನು ಹೊರಡು. ಜೋರಾಗಿ ಒತ್ಬೇಡ, ಕಾಲಲ್ಲಿ ಕೇಳಿಸ್ಕೊಂಡು ಒತ್ತು."

ಹೊರಟೆ. ನಿನ್ನೆಯ ಜಾಗ ಬಂದಿತು. ಎಂಜಿನ್ನಿನ ಸದ್ದು ತುಸು ಏರಿತು. ಕಾಲನ್ನು ಕೂದಲೆಳೆಯಷ್ಟು ಸಡಿಲಿಸಿದೆ. ವ್ಯಾನ್ ಮುಗ್ಗರಿಸಿತು, ಹಿಡಿಯಿತು, ಏರಿತು. ಮುಕ್ಕಾಲು ದಾಟಿತು. ಕೊನೆಯ ಹತ್ತು ಮಾರನ್ನು ನಾನು ಉಸಿರಾಡದೆಯೇ ಏರಿದೆ. ಮೇಲಿನ ಸಮತಟ್ಟಿನಲ್ಲಿ ನಿಲ್ಲಿಸಿ ಹಿಂದಿರುಗಿ ನೋಡಿದರೆ ನಿಧಾನಣ್ಣನವರು ಮೂಟೆಯೊಂದನ್ನು ತಬ್ಬಿಕೊಂಡು ಕಣ್ಣು ಮುಚ್ಚಿಕೊಂಡಿದ್ದರು. ಅವರಿಗೂ ಭಯವಾಗಿತ್ತೆಂದು ನನಗೆ ಗೊತ್ತಾದದ್ದು ಆಗ.

ಸೋಮವಾರದ ವಿಚಾರಣೆಯನ್ನು ಬರೆಯುವುದು ನನಗೆ ಕಷ್ಟ, ಆದರೂ ಬರೆಯುತ್ತೇನೆ. ಉದ್ದನೆಯ ಮೇಜು, ಆಚೆ ಕಡೆ ಆಡಳಿತಾಧಿಕಾರಿ, ಘಟಕದ ವೈದ್ಯರು, ಅಂದಿನ ಕಾರ್ಯಾಗಾರದ ಮುಖ್ಯಸ್ಥರು. ವ್ಯಾನ್ ಬೆಳಗ್ಗೆಯೇ ಅವರೆದುರಿಗೆ ಎರಡು ಸಲ ಏರು ಹತ್ತಿ ತೋರಿಸಿತ್ತು, ಆದ್ದರಿಂದ ಅದು ಉಳಿಯಿತು. ಉಳಿದದ್ದು ಒಂದೇ ಪ್ರಶ್ನೆ. ಆಡಳಿತಾಧಿಕಾರಿ ಕೆಲಸದ ಚೀಟಿಯನ್ನು ಮೇಜಿನ ಮೇಲೆ ಸರಿಸಿ, "ಈ ಸಹಿ ಯಾರದ್ದು?" ಎಂದರು. ನಿಧಾನಣ್ಣನವರು ಕನ್ನಡಕ ಹಾಕಿಕೊಂಡು ಚೀಟಿಯನ್ನು ಓದಿದರು. ‘ಎಣ್ಣೆ ಪರೀಕ್ಷೆ’ ಎಂಬ ತಮ್ಮ ಗುಂಡು ಅಕ್ಷರವನ್ನೂ ಅದರ ಕೆಳಗೆ ಓರೆಯಾಗಿ ಓಡಿದ್ದ ನನ್ನ ಅಕ್ಷರವನ್ನೂ ಓದಿದರು.

"ಸಹಿ ನಂದೇ ಸಾರ್."

ಸುಳ್ಳು ಹೇಳಲಿಲ್ಲ ನೋಡಿ. ಕೇಳಿದ್ದಕ್ಕೆ ಉತ್ತರ ಕೊಟ್ಟರು, ಅಷ್ಟೇ. ಬೇರೆ ಅಕ್ಷರವನ್ನು ಗಮನಿಸುವ ಪುರುಸೊತ್ತು ಆ ಮೇಜಿನಲ್ಲಿ ಯಾರಿಗೂ ಇರಲಿಲ್ಲ. ನಾನು ಅಲ್ಲಿಯೇ, ಅವರ ಎಡಗಡೆ, ಒಂದು ಮೊಳ ದೂರದಲ್ಲಿ ನಿಂತಿದ್ದೆ. ಊರಿಗೆಲ್ಲ ಕೇಳುವ ಹಾಗೆ ಕೂಗುವ ಈ ಗಂಟಲಿನಿಂದ ಅಂದು ಒಂದು ಅಕ್ಷರ ಹೊರಡಲಿಲ್ಲ.

ಅಂಗಳಕ್ಕೆ ಬಂದ ಮೇಲೆ ಮಾತ್ರ ಎಲ್ಲ ಸದ್ದೂ ಬಂದಿತು. "ಯಾಕೆ ಹಾಗಂದ್ರಿ? ಬರ್ದಿದ್ದು ನಾನು!" ಎಂದು ಅವರ ಮೇಲೆಯೇ ಹಾರಿಬಿದ್ದೆ. ಅವರು ಸುತ್ತ ನೋಡಿ, ಬಲಗೈಯನ್ನು ನನ್ನ ಮುಂದೆ ಚಾಚಿದರು. ಐದೂ ಬೆರಳು ಎಲೆಯ ಹಾಗೆ ಅಲುಗುತ್ತಿದ್ದವು.

"ಒಂದು ವರ್ಷ ಆಯ್ತು ಹೀಗೆ. ಕೆಳಗೆ ಮಲಗಿ ಬೋಲ್ಟು ಹಿಡಿಯೋಕೆ ನಂಗಾಗಲ್ಲ. ಆ ವ್ಯಾನ್‌ಗೆ ಇನ್ನು ಪ್ರತಿ ತಿಂಗಳು ಒಬ್ರು ಕೆಳಗಿಳೀಬೇಕು, ಸ್ವಲ್ಪ ತೆಗ್ದು ಸ್ವಲ್ಪ ಹಾಕ್ಬೇಕು. ನಂಗೆ ಎಚ್ಚರಿಕೆ ಕೊಡ್ತಾರೆ. ನಿನ್ನನ್ನಾದ್ರೆ ಮನೆಗೇ ಕಳಿಸ್ತಾರೆ. ಕಳಿಸಿದ್ರೆ ಯಾರು ಇಳೀತಾರೆ, ಹೇಳು?"

"ನಾಳೆ ಹೋಗಿ ನಾನೇ ಹೇಳ್ತೀನಿ."

"ನಿಧಾನ," ಎಂದರು.

ಅಂದು ಸಂಜೆ ಅಕ್ಕನ ಬಳಿಗೆ ಹೋಗಿ ಎಲ್ಲವನ್ನೂ ಒದರಿದೆ. ಅವಳು ಬುದ್ಧಿ ಹೇಳುತ್ತಾಳೆ, ‘ಹೋಗು, ನಿಜ ಹೇಳು’ ಎನ್ನುತ್ತಾಳೆಂದು ನಂಬಿದ್ದೆ. ಕಟ್ಟು ಹಾಕಿದ ತೋಳನ್ನು ದಿಂಬಿನ ಮೇಲಿಟ್ಟುಕೊಂಡು ಅಕ್ಕ ಹೇಳಿದಳು: "ನಿನ್ನ ತೆಗೆದ್ರೆ ಆ ವ್ಯಾನ್ ನಿಲ್ಲತ್ತೆ. ನಂಗೆ ಬದುಕ್ಬೇಕು ಕಣೇ. ನಾನಿರೋ ತನಕ ಬಾಯಿ ಮುಚ್ಕೊಂಡಿರು. ಸ್ವಾರ್ಥಿ ಅಂತ ಬೇಕಾದ್ರೆ ಅನ್ಕೋ." ಅನ್ನಲಿಲ್ಲ. ಅಕ್ಕನಲ್ಲವೇ.

ಪ್ರತಿ ತಿಂಗಳ ಮೊದಲ ಭಾನುವಾರ ನಾನು ಕೆಳಗೆ ಮಲಗಿದೆ, ಅವರು ಸ್ಟೂಲಿನ ಮೇಲೆ ಕುಳಿತು ಟಾರ್ಚನ್ನು ಎರಡೂ ಕೈಯಲ್ಲಿ ಹಿಡಿದರು. ಒಂದು ಲೀಟರ್ ಹಳೆಯದು ಹೊರಗೆ, ಒಂದು ಲೀಟರ್ ಹೊಸದು ಒಳಗೆ. ಒತ್ತುಕಾಗದದ ಮೇಲೊಂದು ಹನಿ. ವರ್ಷ ತುಂಬುವಷ್ಟರಲ್ಲಿ ಹನಿಯ ಬಣ್ಣ ತಿರುಗಿತು, ಗೇರ್‌ಬಾಕ್ಸಿಗೆ ಗೊತ್ತೇ ಆಗಲಿಲ್ಲ. ಹೊಸ ವ್ಯಾನ್ ಬರುವ ತನಕ, ಎರಡು ವರ್ಷ ಒಂದು ತಿಂಗಳು, ಅದು ಒಂದು ದಿನವೂ ಏರಿನಲ್ಲಿ ನಿಲ್ಲಲಿಲ್ಲ. ಅಕ್ಕ ಆರು ವರ್ಷ ಬದುಕಿದಳು. ಮಗಳ ಮದುವೆ ಮಾಡಿದಳು, ಮೊಮ್ಮಗುವನ್ನು ಎತ್ತಿದಳು, ನನ್ನೊಡನೆ ಲೆಕ್ಕವಿಲ್ಲದಷ್ಟು ಸಲ ಜಗಳವಾಡಿದಳು.

ಅಕ್ಕ ತೀರಿಕೊಂಡು ಏಳು ವರ್ಷವಾಯಿತು. ಅವಳಿಗೆ ಕೊಟ್ಟ ಮಾತು ಅಲ್ಲಿಗೆ ಮುಗಿದಿತ್ತು. ಆದರೆ ಅದೇ ವರ್ಷ ಕಾರ್ಯಾಗಾರದ ಮುಖ್ಯಸ್ಥರ ಹುದ್ದೆ ತೆರವಾಯಿತು. ಹಿರಿತನದಲ್ಲಿ ಅದು ನಿಧಾನಣ್ಣನವರಿಗೆ ಸಲ್ಲಬೇಕಿತ್ತು. ಷರಾ ಅಡ್ಡ ಬಂದಿತು. ಕುರ್ಚಿ ನನಗೆ ಬಂದಿತು. ನಾನು ಕುಳಿತೆ. ಇದಕ್ಕೆ ಅಕ್ಕನ ನೆಪವಿಲ್ಲ, ವ್ಯಾನಿನ ನೆಪವಿಲ್ಲ. ಏಳು ವರ್ಷ ಅವರು ಬೆಳಗ್ಗೆ ಬೆಳಗ್ಗೆ ಬಂದು ಹಾಜರಿ ಹಾಕಿ, ನಾಲ್ಕು ಜನರೆದುರು ನನ್ನನ್ನು ‘ಮೇಡಂ’ ಎಂದು ಕರೆದರು, ಆ ಕರೆಯಲ್ಲಿ ಒಂದು ದಿನವೂ ಮೊನೆಯಿರಲಿಲ್ಲ. ಮೊನೆಯಿದ್ದಿದ್ದರೆ ನಾನು ಜಗಳ ತೆಗೆದು ಹಗುರಾಗುತ್ತಿದ್ದೆ. ನಾಚಿಕೆಯಾಗುತ್ತಿತ್ತು, ಆದರೂ ಕುರ್ಚಿ ಬಿಡಲಾಗಲಿಲ್ಲ. ನಾನು ಇಂಥವಳು.

ತರಬೇತಿ ಶಾಲೆಯ ಆ ಪತ್ರವನ್ನು ಅವರು ಮಡಚಿ ಜೇಬಿಗಿಟ್ಟುಕೊಂಡದ್ದನ್ನು ಕಂಡ ದಿನದಿಂದ ನನಗೆ ಊಟ ಸೇರಲಿಲ್ಲ. ಕಲಿಸುವುದೊಂದನ್ನು ಬಿಟ್ಟು ಆ ಕೈಗೆ ಇನ್ನು ಬೇರೆ ಕೆಲಸವಿಲ್ಲ. ಕಳೆದ ವಾರ ನಾನು ಕಡತಗಳ ಕಪಾಟಿನಿಂದ ಆ ಹಳೆಯ ಚೀಟಿಯನ್ನು ಹುಡುಕಿ ತೆಗೆದು ಆಡಳಿತಾಧಿಕಾರಿಯ ಮೇಜಿನ ಮೇಲಿಟ್ಟೆ. ಈಗ ಇರುವವರು ಬೇರೆಯವರು, ಕಿರಿಯರು. ಎರಡು ಅಕ್ಷರವನ್ನೂ ಪಕ್ಕದಲ್ಲಿಟ್ಟು ಓದಿದರು.

"ಷರಾನ ಹಾಗೆಲ್ಲ ಅಳಿಸೋಕಾಗಲ್ಲ. ತಪ್ಪು ನಡೆದಿರೋದಂತೂ ನಿಜ ಅಲ್ವಾ, ಅದು ಯಾರ ಪುಸ್ತಕದಲ್ಲಾದ್ರೂ ಇರ್ಲೇಬೇಕು," ಎಂದರು.

"ನನ್ನದರಲ್ಲಿ ಬರೀರಿ," ಎಂದೆ.

ಬರೆದರು. ಈ ಗ್ರಂಥ ಓದುಗರ ಕೈ ಸೇರುವ ಹೊತ್ತಿಗೆ ಮುಖ್ಯಸ್ಥರ ಕುರ್ಚಿಯಲ್ಲಿ ಬೇರೆಯವರು ಇರುತ್ತಾರೆ. ನಾನು ಗೇರ್‌ಬಾಕ್ಸ್ ಕೋಣೆಗೆ ಮರಳಿರುತ್ತೇನೆ. ಸಂಪಾದಕರು ಈ ಲೇಖನದ ಕರಡನ್ನು ಓದಿ ಬೆವರು ಒರೆಸಿಕೊಂಡು, "ಇದು ಅಭಿನಂದನ ಗ್ರಂಥ ಕಣಮ್ಮ, ಇದನ್ನೆಲ್ಲ ಇಲ್ಲಿ ಹಾಕ್ಬೇಕಾ?" ಎಂದರು. ಹಾಕದಿದ್ದರೆ ನನ್ನ ಹೆಸರನ್ನೂ ಹಾಕಬೇಡಿ ಎಂದೆ. ನಿಧಾನಣ್ಣನವರಿಗೆ ಇದಾವುದೂ ತಿಳಿಯದು. ತಿಳಿದಿದ್ದರೆ ತಡೆಯುತ್ತಿದ್ದರು, ಆದ್ದರಿಂದಲೇ ಈ ಗುಟ್ಟನ್ನು ಒಂದು ವಾರ ಹೊಟ್ಟೆಯಲ್ಲಿಟ್ಟುಕೊಂಡಿದ್ದೇನೆ.

ಪೂಜ್ಯರೇ, ಷರಾ ತೆಗೆದ ಸೇವಾ ಪುಸ್ತಕವನ್ನು ತರಬೇತಿ ಶಾಲೆಗೆ ಕಳಿಸಿದೆ, ಅವರ ಒಪ್ಪಿಗೆ ನಿನ್ನೆ ಬಂದಿದೆ. ಬರುವ ತಿಂಗಳ ಮೊದಲ ಸೋಮವಾರ ಒಂಬತ್ತು ಗಂಟೆಗೆ ನಿಮ್ಮ ತರಗತಿ. ಬೋಲ್ಟು ಹಿಡಿಯಲು ಹದಿನೆಂಟು ಜೊತೆ ಕೈಗಳು ಅಲ್ಲಿ ಕಾದಿರುತ್ತವೆ, ನಿಮಗೆ ಮಾತಾಡುವುದಷ್ಟೇ ಕೆಲಸ. ಮನೆಯವರ ಕಣ್ಣು, ನಿಮ್ಮ ಕೈ, ಎರಡನ್ನೂ ಕಾಪಾಡಿಕೊಂಡು ನೂರು ವರ್ಷ ಬಾಳಿ, ಆ ನೂರೂ ವರ್ಷ ಕಲಿಸುತ್ತಿರಿ. ಮೊದಲ ದಿನದ ಪಾಠಕ್ಕೆ ಆ ಶನಿವಾರವನ್ನೇ ತೆಗೆದುಕೊಳ್ಳಿ, ಮುದಿ ಗೇರ್‌ಬಾಕ್ಸಿನ ಎಣ್ಣೆಯನ್ನು ಹೇಗೆ ಬದಲಿಸಬಾರದೆಂಬುದಕ್ಕೆ ಅದಕ್ಕಿಂತ ಒಳ್ಳೆಯ ಪಾಠವಿಲ್ಲ. ಅಷ್ಟು ದೊಡ್ಡ ತಪ್ಪನ್ನು ಮಾಡಿದವರು ಯಾರೆಂದು ಹುಡುಗರು ಕೇಳಿಯೇ ಕೇಳುತ್ತಾರೆ. ಈ ಸಲ ಹೇಳಿಬಿಡಿ, ಅಣ್ಣ.